ನೀರು ಮುಟ್ಟದ ನಾಲಿಗೆ

ರಸ್ಕಮ್ಮ ಬಾಯಿ ಹಾಕದ ವಿಷಯ ಆ ಬೇಕರಿಯಲ್ಲಿ ಯಾವುದೂ ಇರಲಿಲ್ಲ. ಹಿಟ್ಟು ನಾದುವವರು ತೋಳು ಮಡಿಸುವ ರೀತಿ, ಮಗ ವ್ಯಾನ್ ನಿಲ್ಲಿಸುವ ಜಾಗ, ಸೊಸೆ ಗಿರಾಕಿಗಳ ಜೊತೆ ನಗುವ ಉದ್ದ, ಎಲ್ಲಕ್ಕೂ ಅವಳದೊಂದು ಮಾತು ಇರುತ್ತಿತ್ತು. ಅವನ್ನೆಲ್ಲ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಬಹುದಿತ್ತು. ಬಿಡಲಾಗದ್ದು ಒಂದೇ. ಬೆಳಗ್ಗೆ ಓವನ್ನಿನಿಂದ ರಸ್ಕಿನ ಟ್ರೇಗಳು ಹೊರಬಂದು ಆರಿದ ಮೇಲೆ ಅವಳು ಗೋಡೆ ಪಕ್ಕದ ಎತ್ತರದ ಸ್ಟೂಲು ಹತ್ತಿ ಕೂತು, ಕಣ್ಣು ಮುಚ್ಚಿ, ಅಂಗೈ ಚಾಚುತ್ತಿದ್ದಳು. ಓವನ್ ನೋಡಿಕೊಳ್ಳುವ ಮೈದುನ ಆ ಅಂಗೈಗೆ ಒಂದು ರಸ್ಕ್ ಇಡುತ್ತಿದ್ದ. ಅವಳು ಅದನ್ನು ಕಟಕ್ಕನೆ ಕಡಿದು, ಅಗಿದು, ನುಂಗಿ, "ಹೋಗ್ಲಿ" ಅನ್ನುವವರೆಗೆ ಒಂದು ಚೂರೂ ಪ್ಯಾಕೆಟ್ಟಿಗೆ ಇಳಿಯುತ್ತಿರಲಿಲ್ಲ. "ಬೇಡ" ಅಂದಳೋ, ಅಷ್ಟೂ ಟ್ರೇ ಪುಡಿಯ ಡಬ್ಬಕ್ಕೆ.

ಆ ಸ್ಟೂಲಿಗೊಂದು ಕಾಯಿದೆಯೂ ಇತ್ತು. ರುಚಿ ನೋಡುವವರು ಅದಕ್ಕೆ ಮೊದಲು ನೀರಾಗಲಿ, ಚಹಾ ಆಗಲಿ ಮುಟ್ಟುವಂತಿಲ್ಲ.

"ಚಹಾದಲ್ಲಿ ಅದ್ದಿದ್ರೆ ಹಳೇ ಚಪ್ಪಲೀನೂ ರುಚಿಯಾಗೇ ಇರುತ್ತೆ," ಅನ್ನುತ್ತಿದ್ದಳು ರಸ್ಕಮ್ಮ. "ಬರೀ ಬಾಯಲ್ಲಿ ತಾನಾಗೇ ಕರಗಿ ಒಳಗೆ ಹೋದ್ರೆ ಅದು ರಸ್ಕು. ಹೋಗ್ದಿದ್ರೆ ಹೆಂಚು."

ಸ್ಟೂಲು ಮೊದಲು ಅವಳ ಗಂಡನದು. ಬೇಕರಿ ಕಟ್ಟಿದವನೇ ಅವನು. ಆದರೆ ಎದ್ದರೂ ಸಿಗರೇಟು ಕೂತರೂ ಸಿಗರೇಟು ಎಂದಾಗಿ, ಅವನ ನಾಲಿಗೆ ಸಿಗರೇಟು ಬಿಟ್ಟು ಬೇರೆ ಯಾವುದರ ಗುರುತನ್ನೂ ಹಿಡಿಯದ ಸ್ಥಿತಿಗೆ ಬಂತು. ಸಕ್ಕರೆಯ ಜಾಗದಲ್ಲಿ ಉಪ್ಪು ಬಿದ್ದ ಇಡೀ ಓವನ್ನಿಗೆ ಒಂದು ಬೆಳಗ್ಗೆ "ಹೋಗ್ಲಿ" ಅಂದುಬಿಟ್ಟ. ಅವತ್ತೇ ರಸ್ಕಮ್ಮ ಎಲ್ಲರೆದುರು ಅವನ ತೋಳು ಹಿಡಿದು ಕೆಳಗಿಳಿಸಿ ತಾನು ಹತ್ತಿ ಕೂತಳು. ಅಯ್ಯೋ ಪಾಪ ಅಂತ ಕೂಡ ಅನ್ನಲಿಲ್ಲ. ಆಮೇಲೆ ಅವನು ಬದುಕಿದ್ದಷ್ಟು ಕಾಲ ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ರಸ್ತೆಯಲ್ಲಿ ಹೋಗುವ ಬಸ್ಸುಗಳಿಗೆ ಬೈಯುತ್ತಾ ಹೊತ್ತು ಕಳೆದ. ಬಸ್ಸುಗಳು ಅವನಿಗೆ ಮಾಡಿದ ಅನ್ಯಾಯ ಏನೆಂದು ಯಾರಿಗೂ ಗೊತ್ತಾಗಲಿಲ್ಲ.

ಆ ಕುರ್ಚಿ ಈಗಲೂ ಅಲ್ಲೇ ಇತ್ತು. ರಸ್ಕಮ್ಮ ಅದರ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಇಂಥವಳ ಬಾಯಿ ಒಣಗತೊಡಗಿತು.

ಯಾವತ್ತಿನಿಂದ ಅಂತ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಬೆಳಗ್ಗೆ ಎದ್ದರೆ ನಾಲಿಗೆ ಅಂಗುಳಿಗೆ ಗೋಂದು ಹಚ್ಚಿ ಅಂಟಿಸಿದ ಹಾಗಿರುತ್ತಿತ್ತು. ಮಾತಾಡುವಾಗ ಮೇಲ್ತುಟಿ ಹಲ್ಲಿಗೆ ಸಿಕ್ಕಿಕೊಂಡು, ಅವಳು ಬೈಯುತ್ತಿದ್ದರೂ ನಗುತ್ತಿರುವ ಹಾಗೆ ಕಾಣುತ್ತಿತ್ತು. ಹೀಗಾಗಿ ಹಿಟ್ಟು ನಾದುವವರು ಈಚೆಗೆ ಅವಳಿಗೆ ಹೆದರುವುದನ್ನೇ ಬಿಟ್ಟಿದ್ದರು. ಕೆಳಗಡೆಯ ಹಲ್ಲಿನ ಸೆಟ್ಟು ಒಸಡನ್ನು ಉಜ್ಜಿ ಉಜ್ಜಿ ಹುಣ್ಣು ಮಾಡಿತ್ತು. ಅನ್ನದ ತುತ್ತು ಗಂಟಲಿಗೆ ಬಂದು, ಕರೆಯದೆ ಬಂದ ನೆಂಟನ ಹಾಗೆ ಬಾಗಿಲಲ್ಲೇ ನಿಂತುಬಿಡುತ್ತಿತ್ತು. ಅವಳು ಮೆಲ್ಲಗೆ ಅನ್ನ ಬಿಟ್ಟಳು, ಹುರಿದದ್ದು ಕರಿದದ್ದು ಬಿಟ್ಟಳು, ಗಂಜಿಗೆ ಬಂದಳು. ಮೈ ಇಳಿಯಿತು. ಬೆರಳಿನ ಉಂಗುರ ಸಡಿಲವಾಗಿ ಹಿಟ್ಟಿನ ತೊಟ್ಟಿಗೆ ಬಿದ್ದು, ಅಷ್ಟೂ ಹಿಟ್ಟನ್ನು ಎಲ್ಲರೂ ಸೇರಿ ಜಾಲಾಡಬೇಕಾಯಿತು.

ಇದಕ್ಕೆಲ್ಲ ಅವಳು ತನಗೆ ತಾನೇ ಕೊಟ್ಟುಕೊಂಡ ಕಾರಣ ವಯಸ್ಸು. ಮೊಣಕಾಲಿಗೆ ವಯಸ್ಸಾಗಿದೆ, ಕಣ್ಣಿಗೆ ವಯಸ್ಸಾಗಿದೆ, ಎಂಜಲಿಗೂ ಆಗಿರಬೇಕು. ಜೇಬಿನಲ್ಲಿ ಸದಾ ಪೆಪ್ಪರ್‌ಮಿಂಟು ಇಟ್ಟುಕೊಂಡು ಚೀಪುತ್ತಿದ್ದಳು. ನೀರು ಮಾತ್ರ ಕುಡಿಯುತ್ತಿರಲಿಲ್ಲ. ಕುಡಿದರೆ ಹೋಗಬೇಕಲ್ಲ! ಬೇಕರಿಯ ಪಾಯಿಖಾನೆ ಇದ್ದದ್ದು ಹಿಂದುಗಡೆ, ಮೆಟ್ಟಿಲಿಳಿದು, ಗ್ಯಾಸ್ ಸಿಲಿಂಡರುಗಳ ನಡುವೆ ಅಡ್ಡಡ್ಡ ನುಸುಳಿದ ಮೇಲೆ. ಅದರ ಚಿಲಕ ಕಿತ್ತುಹೋಗಿ ಬಹಳ ಕಾಲವಾಗಿತ್ತು. ಒಳಗೆ ಜನ ಇದ್ದಾರೆ ಅಂತ ಹೊರಗಿನವರಿಗೆ ತಿಳಿಯಲು ಒಳಗಿದ್ದವರು ಹಾಡುತ್ತಿರಬೇಕಿತ್ತು.

"ಈ ವಯಸ್ಸಲ್ಲಿ ನನ್ನ ಕೈಲಿ ಹಾಡೋಕಾಗಲ್ಲ," ಅಂತ ರಸ್ಕಮ್ಮ ನೀರಿನ ಲೋಟವನ್ನು ಆಚೆ ತಳ್ಳುತ್ತಿದ್ದಳು.

ಮೊಣಕಾಲು, ಕಣ್ಣು, ಎಂಜಲು, ಎಲ್ಲಕ್ಕೂ ವಯಸ್ಸಾಗಿದೆ ಅಂತ ಒಪ್ಪಿಕೊಂಡವಳು ನಾಲಿಗೆಯ ವಿಷಯದಲ್ಲಿ ಮಾತ್ರ ಬಗ್ಗಲಿಲ್ಲ. ಒಪ್ಪಿಕೊಂಡರೆ ಮುಂದಿನದು ಬಾಗಿಲ ಬಳಿಯ ಕುರ್ಚಿ. ಹಾಗಾಗಿ ತಪ್ಪು ರಸ್ಕಿನದೇ ಆಗಬೇಕಾಯಿತು.

"ಒಣಗಿದೆ," ಅಂದಳು ಒಂದು ಬೆಳಗ್ಗೆ, ಸ್ಟೂಲಿನ ಮೇಲಿಂದ.

ಓವನ್ನಿನ ಮುಂದೆ ನಿಂತು ನಿಂತು ಮುಖ ಕೆಂಪಾಗಿದ್ದ ಮೈದುನನನ್ನು ಎಲ್ಲರೂ ಕೆಂಡಪ್ಪ ಅಂತಲೇ ಕರೆಯುತ್ತಿದ್ದರು. ಅವನೂ ಚಿಕ್ಕವನೇನಲ್ಲ, ತಲೆಯಲ್ಲಿ ಒಂದು ಕರಿ ಕೂದಲು ಹುಡುಕಿದರೂ ಸಿಗುತ್ತಿರಲಿಲ್ಲ.

"ರಸ್ಕು ಒಣಗದೆ ಒದ್ದೆ ಇರುತ್ತಾ ಅತ್ತಿಗೆ?" ಅಂದ.

"ಒಣಗೋದಕ್ಕೂ ಒಂದು ಮಿತಿ ಇರುತ್ತಪ್ಪಾ. ಬಾಯ್ತುಂಬ ಮರಳು ಹಾಕ್ಕೊಂಡ ಹಾಗಿದೆ. ಎರಡನೇ ಸಲ ಬೇಯಿಸೋದನ್ನ ಕಮ್ಮಿ ಮಾಡು."

ಕೆಂಡಪ್ಪನಿಗೆ ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು. ರಸ್ಕ್ ಅಂದರೆ ಮೊದಲು ಬ್ರೆಡ್ಡೇ. ಬ್ರೆಡ್ಡು ಬೇಯಿಸಿ, ಆರಿಸಿ, ಸ್ಲೈಸು ಕೊಯ್ದು, ಆ ಸ್ಲೈಸುಗಳನ್ನು ಮತ್ತೆ ಓವನ್ನಿಗೆ ತಳ್ಳಿ ಒಳಗಿನ ತೇವವೆಲ್ಲ ಹೋಗುವವರೆಗೆ ಒಣಗಿಸಿದರೆ ರಸ್ಕ್. ಆ ಎರಡನೇ ಸಲದ ಬೇಯಿಸುವಿಕೆಯಲ್ಲೇ ಅದರ ಜೀವ ಇರುವುದು. ಅದನ್ನು ಕಡಿಮೆ ಮಾಡು ಅನ್ನುವುದೂ ಒಂದೇ, ಮೀನಿಗೆ ಈಜುವುದನ್ನು ಕಡಿಮೆ ಮಾಡು ಅನ್ನುವುದೂ ಒಂದೇ. ಆದರೆ ಸ್ಟೂಲಿನ ಮಾತು ಸ್ಟೂಲಿನ ಮಾತು. ಅವನು ಕಡಿಮೆ ಮಾಡಿದ.

ಮಾರನೇ ದಿನವೂ ಒಣಗಿತ್ತು. ಅದರ ಮಾರನೇ ದಿನವೂ. "ಇವತ್ತಿಗೆ ಹೋಗ್ಲಿ, ನಾಳೆ ಇನ್ನೂ ಕಮ್ಮಿ ಬೇಯಿಸು," ಅಂತ ದಿನಾ ಬಿಡುತ್ತಿದ್ದಳು. ರಸ್ಕ್ ಮೆತ್ತಗಾಗುತ್ತಾ ಹೋಯಿತು, ಅವಳ ಬಾಯಿ ಒಣಗುತ್ತಾ ಹೋಯಿತು. ಕೊನೆಗೆ ಮುರಿದರೆ ಕಟಕ್ಕನ್ನಬೇಕಾದ ರಸ್ಕ್ ವಿನಯದಿಂದ ಬಾಗತೊಡಗಿತು. ಪ್ಯಾಕೆಟ್ಟಿನೊಳಗೆ ತೇವ ಕೂತಿತು. ಮಗ ವ್ಯಾನಿನಲ್ಲಿ ತುಂಬಿಕೊಂಡು ಹೋದ ಪೆಟ್ಟಿಗೆಗಳಲ್ಲಿ ಅರ್ಧವನ್ನು ತುಂಬಿಕೊಂಡೇ ವಾಪಸ್ ಬಂದ.

"ಅಮ್ಮಾ, ಮೂಲೆ ಅಂಗಡಿಯವರು ಹೇಳ್ತಿದಾರೆ, ನಿಮ್ಮ ರಸ್ಕಿಗೆ ಗಡ್ಡ ಬಂದಿದೆಯಂತೆ."

"ಅವನ ಅಂಗಡಿ ಪೂರ್ತಿ ತೇವ ಕಣೋ. ಹೋಗಿ ನೋಡು, ಅವನ ಗೋಡೆಗೂ ಬಂದಿರುತ್ತೆ."

"ಆಸ್ಪತ್ರೆ ಕ್ಯಾಂಟೀನಿನವರೂ ಹೇಳಿದ್ರು. ಇನ್ನೊಂದ್ಸಲ ಹೀಗಾದ್ರೆ ಬೇರೆ ಕಡೆ ತಗೋತಾರಂತೆ."

"ತಗೊಳ್ಳಲಿ. ಒಣಗಿರೋ ರಸ್ಕು ತಿಂದು ರೋಗಿಗಳು ಗಂಟಲು ಕಟ್ಟಿ ಬಿದ್ರೆ ಆಗ ಗೊತ್ತಾಗುತ್ತೆ."

ಸೊಸೆ ಗಲ್ಲಾ ಬಿಟ್ಟು ಎದ್ದು ಬಂದು, "ಅತ್ತೆ, ಒಂದೇ ಒಂದ್ಸಲ ನಾನು ತಿಂದು ನೋಡ್ಲಾ?" ಅಂದಳು.

"ನೀನು ತಿಂದು ನೋಡೋದಾದ್ರೆ ನಾನ್ಯಾಕಮ್ಮಾ ಇಲ್ಲಿ ಕೂತಿರೋದು? ಗಾಳಿ ತಗೊಳ್ಳೋಕಾ?"

ಸೊಸೆ ಕೆಂಡಪ್ಪನ ಮುಖ ನೋಡಿದಳು, ಕೆಂಡಪ್ಪ ಸೊಸೆಯ ಮುಖ ನೋಡಿದ. ರಸ್ಕಮ್ಮ ಅದನ್ನು ಕಂಡಳು, ಕಂಡೂ ಕಾಣದ ಹಾಗೆ ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಂಡಳು.

ಮರುದಿನ ಬೆಳಗ್ಗೆ ಅವಳು ಎಂದಿನಂತೆ ಸ್ಟೂಲು ಹತ್ತಿ, ಕಣ್ಣು ಮುಚ್ಚಿ, ಅಂಗೈ ಚಾಚಿದಳು. ಕೆಂಡಪ್ಪ ಕೊಡಲು ಸ್ವಲ್ಪ ತಡಮಾಡಿದ. ಅವಳು ಕಡಿದಳು. ಅಗಿದಳು. ಬಾಯೊಳಗೆ ಅದು ಉಂಡೆ ಕಟ್ಟಿ ಅಂಗುಳಿಗೆ ಹೋಗಿ ಅಂಟಿಕೊಂಡಿತು. ನಾಲಿಗೆಯಿಂದ ತಳ್ಳಿದರೂ ಕದಲಲಿಲ್ಲ. ಸತ್ಯ ಹೇಳಬೇಕೆಂದರೆ ಅವಳು ಈಚೆಗೆ ರುಚಿ ನೋಡುವುದನ್ನೇ ಬಿಟ್ಟಿದ್ದಳು. ತುಂಡು ಬಾಯಿಗೆ ಬೀಳುವ ಮೊದಲೇ ಉತ್ತರ ತಯಾರಾಗಿರುತ್ತಿತ್ತು.

"ಒಣಗಿದೆ," ಅಂದಳು ಕಣ್ಣು ಮುಚ್ಚಿಕೊಂಡೇ. "ನಿನ್ನೆಗಿಂತ ಕಡೆ."

ಕಣ್ಣು ಬಿಟ್ಟು ನೋಡಿದರೆ ಹಿಟ್ಟು ನಾದುವವರೆಲ್ಲ ಗೋಡೆಯ ಕಡೆ ತಿರುಗಿ ಭುಜ ಕುಣಿಸುತ್ತಿದ್ದಾರೆ. ಸೊಸೆ ಬಾಯಿಗೆ ಕೈ ಅಡ್ಡ ಹಿಡಿದಿದ್ದಾಳೆ. ಕೆಂಡಪ್ಪನ ಕೆಂಪು ಮುಖ ಹಿಟ್ಟಿನಷ್ಟು ಬೆಳ್ಳಗಾಗಿದೆ.

"ಅತ್ತಿಗೆ, ಬೈಬೇಡಿ," ಅಂದ ಅವನು. "ಅದು ರಸ್ಕಲ್ಲ. ಬ್ರೆಡ್ಡು. ಎರಡನೇ ಸಲ ಓವನ್ನಿನ ಮುಖಾನೇ ನೋಡಿಲ್ಲ ಅದು."

ಅವಳು ಕೈಯಲ್ಲಿ ಉಳಿದಿದ್ದ ಚೂರನ್ನು ಒತ್ತಿದಳು. ಬೆರಳು ದಿಂಬಿನೊಳಗೆ ಇಳಿದ ಹಾಗೆ ಇಳಿಯಿತು.

ಬೈಯಬೇಕೆಂದು ಬಾಯಿ ತೆರೆದಳು. ಅವನ ಹುಟ್ಟು, ಅವನ ಬುದ್ಧಿ, ಅವನ ಅಣ್ಣ, ಎಲ್ಲವನ್ನೂ ಸೇರಿಸಿ ಒಂದು ಉದ್ದನೆಯ ಬೈಗುಳ ಎದೆಯಿಂದ ಹೊರಟು ಗಂಟಲವರೆಗೆ ಬಂದಿತ್ತು. ಆದರೆ ಬ್ರೆಡ್ಡಿನ ಉಂಡೆ ಅಂಗುಳಿನಲ್ಲೇ ಕೂತಿತ್ತು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಮೇಲ್ತುಟಿ ಹಲ್ಲಿಗೆ ಅಂಟಿಕೊಂಡಿತು. ಬದುಕಿನಲ್ಲೇ ಅತಿ ದೊಡ್ಡ ಸಿಟ್ಟು ಬಂದ ಗಳಿಗೆಯಲ್ಲಿ ರಸ್ಕಮ್ಮ ಎಲ್ಲರೆದುರು ಹಲ್ಲು ಕಿರಿದುಕೊಂಡು ಕೂತಿದ್ದಳು.

ಯಾರೂ ತೋಳು ಹಿಡಿದು ಇಳಿಸಲಿಲ್ಲ. ತಾನೇ ಇಳಿದಳು. ಬಾಗಿಲ ಬಳಿಯ ಕುರ್ಚಿಯನ್ನು ಮುಟ್ಟದೆ ಸುತ್ತುಹಾಕಿ ಹೋಗಿ, ಬೇಕರಿಯ ಮೇಲಿದ್ದ ಮನೆಗೆ ಮೆಟ್ಟಿಲು ಹತ್ತಿದಳು.

ಆಮೇಲೆ ಅವಳು ಮೈದುನನ ಜೊತೆ ಮಾತು ಬಿಟ್ಟಳು. ಬಾಯಿ ಒಣಗಿದವಳಿಗೆ ಅದೇನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಕೆಳಗಿನಿಂದ ಬರುವ ಶಬ್ದಗಳನ್ನು ಕೇಳುವುದು. ಟ್ರೇಗಳು ಹೊರಬರುತ್ತಿದ್ದವು, ಪ್ಯಾಕೆಟ್ಟುಗಳು ಸರಬರ ಅನ್ನುತ್ತಿದ್ದವು, ವ್ಯಾನ್ ಹೊರಡುತ್ತಿತ್ತು. ಅವಳ "ಹೋಗ್ಲಿ" ಇಲ್ಲದೆಯೇ ಎಲ್ಲವೂ ಹೋಗುತ್ತಿತ್ತು. ಕಿಟಕಿ ಬಳಿ ಕೂತು ಕೆಳಗೆ ನೋಡುತ್ತಿದ್ದಾಗ ಒಂದು ಬಸ್ಸು ಹೊಗೆ ಬಿಟ್ಟುಕೊಂಡು ಹೋಯಿತು. "ಇವನ ಮನೆ ಹಾಳಾಗ," ಅಂತ ಬಾಯಿಗೆ ಬಂತು. ಅವಳು ಬೆಚ್ಚಿಬಿದ್ದು ಕಿಟಕಿ ಮುಚ್ಚಿದಳು.

ಸೊಸೆ ಗಂಜಿ ತಂದಿಟ್ಟು, "ಅತ್ತೆ, ಬಾಯಿ ತೋರ್ಸಿ," ಅಂದಳು.

"ನಾನೇನು ಕುದುರೆನಾ, ಹಲ್ಲು ನೋಡಿ ಕೊಂಡ್ಕೊಳ್ಳೋಕೆ?"

"ಕುದುರೆ ಆಗಿದ್ರೆ ಹಗ್ಗ ಹಾಕಿ ಎಳ್ಕೊಂಡು ಹೋಗ್ತಿದ್ದೆ. ನೀವು ಅತ್ತೆ, ಕೇಳ್ಕೋಬೇಕು. ಆ ಹುಣ್ಣಿಗಾದ್ರೂ ಹಲ್ಲಿನ ಡಾಕ್ಟರ್ ಹತ್ರ ಬನ್ನಿ."

ಹುಣ್ಣಿಗೆ ಅಂತ ಆದರೆ ಮರ್ಯಾದೆಗೆ ಭಂಗವಿಲ್ಲ. ರಸ್ಕಮ್ಮ ಹೊರಟಳು.

ಹಲ್ಲಿನ ಡಾಕ್ಟರು ಅವಳ ಮೊಮ್ಮಗಳ ವಯಸ್ಸಿನ ಹುಡುಗಿ. ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಬಾಯಿಗಿಟ್ಟಳು. ಕನ್ನಡಿ ಕೆನ್ನೆಯ ಒಳಮೈಗೆ ಅಂಟಿಕೊಂಡಿತು. ಎಳೆದಾಗ ಪಟ್ಟನೆ ಬಿಟ್ಟುಕೊಂಡಿತು.

"ಅಜ್ಜಿ, ಒಂದು ಪ್ರಶ್ನೆ ಕೇಳ್ತೀನಿ. ನೀರು ಕುಡೀದೆ ಒಂದು ಒಣ ರಸ್ಕು ತಿಂದು ನುಂಗೋಕೆ ಆಗುತ್ತಾ ನಿಮಗೆ?"

ಪಕ್ಕದಲ್ಲಿ ಕೂತಿದ್ದ ಸೊಸೆ ಕೆಮ್ಮುವ ಹಾಗೆ ನಟಿಸಿದಳು. ರಸ್ಕಮ್ಮ ಆ ಒರಗುವ ಕುರ್ಚಿಯಿಂದ ಅರ್ಧ ಎದ್ದುಬಿಟ್ಟಳು.

"ಯಾರು ಹೇಳಿದ್ರು ನಿಮಗೆ? ಕೆಂಡಪ್ಪ ಬಂದಿದ್ನಾ ಇಲ್ಲಿಗೆ?"

"ಯಾವ ಕೆಂಡಪ್ಪ? ಬಾಯಿ ಒಣಗಿದವರಿಗೆಲ್ಲ ನಾವು ಕೇಳೋ ಪ್ರಶ್ನೆ ಅಜ್ಜಿ ಅದು. ರಸ್ಕೋ, ಬಿಸ್ಕತ್ತೋ, ಯಾವುದೋ ಒಂದು. ನುಂಗೋಕೆ ಆಗಲ್ಲ ಅಂದ್ರೆ ಎಂಜಲು ಕಮ್ಮಿಯಾಗಿದೆ ಅಂತ ಅರ್ಥ."

ರಸ್ಕಮ್ಮ ಮತ್ತೆ ಒರಗಿದಳು. ತಲೆಯ ಮೇಲಿನ ಬಿಳಿ ದೀಪವನ್ನೇ ನೋಡಿದಳು. ಹಾಗಾದರೆ ದಿನಾ ಬೆಳಗ್ಗೆ ತಾನು ಸ್ಟೂಲು ಹತ್ತಿ ಕೂತು ಬರೆಯುತ್ತಿದ್ದದ್ದು ಇದೇ ಪರೀಕ್ಷೆ. ದಿನಾ ತಾನು ಫೇಲಾದೆ, ದಿನಾ ಓವನ್ನಿಗೆ ಸೊನ್ನೆ ಹಾಕಿದೆ.

"ವಯಸ್ಸಾಯ್ತಲ್ಲ ಡಾಕ್ಟ್ರೇ," ಅಂದಳು ಸಣ್ಣ ದನಿಯಲ್ಲಿ.

"ಪಾಪ, ಎಲ್ಲಾ ವಯಸ್ಸಿನ ಮೇಲೆ ಯಾಕೆ ಹೇರ್ತೀರಿ? ಏನೇನು ಮಾತ್ರೆ ತಗೋತೀರ?"

ಸೊಸೆ ಚೀಲದಿಂದ ತೆಗೆದು ತೋರಿಸಿದಳು. ಹಿಟ್ಟಿನ ಧೂಳಿಗೆ ಬರುವ ಸೀನಿಗೊಂದು. ರಾತ್ರಿ ಮೂತ್ರಕ್ಕೆ ಮತ್ತೆ ಮತ್ತೆ ಏಳದ ಹಾಗೆ ಮಾಡುವುದಕ್ಕೊಂದು. ಬಿ.ಪಿ.ಗೊಂದು.

"ನೋಡಿ, ಈ ಸೀನಿನ ಮಾತ್ರೆ ಬಾಯಿ ಒಣಗಿಸುತ್ತೆ. ಈ ರಾತ್ರಿ ಮಾತ್ರೆ ಇನ್ನೂ ಒಣಗಿಸುತ್ತೆ. ಎರಡೂ ಸೇರಿದ್ರೆ ಕೇಳ್ಬೇಕಾ? ಅದರ ಮೇಲೆ ನೀವು ನೀರೂ ಕುಡಿಯಲ್ಲ ಅಂತಾರೆ ಇವರು."

"ಎಂಜಲು ತಾನೇ," ಅಂದಳು ರಸ್ಕಮ್ಮ. "ಇದ್ರೇನು, ಬಿಟ್ರೇನು?"

"ಅದು ಬರೀ ಉಗುಳೋದಕ್ಕೆ ಅಂದ್ಕೊಂಡಿದೀರಾ? ತುತ್ತು ಜಾರಿಸೋದು ಅದು. ಹಲ್ಲು ಹುಳುಕಾಗದೆ ಇರೋ ಹಾಗೆ ತೊಳೀತಾ ಇರೋದು ಅದು. ರುಚಿ ನಾಲಿಗೆಗೆ ಮುಟ್ಟಬೇಕಾದ್ರೂ ತಿಂದಿದ್ದು ಅದರಲ್ಲಿ ಕರಗಬೇಕು. ಅದಿಲ್ದೆ ನೀವು ಊಟ ಬಿಟ್ರಿ, ಊಟ ಬಿಟ್ಟು ಸೊರಗಿದ್ರಿ. ಆ ಸಕ್ಕರೆ ಪೆಪ್ಪರ್‌ಮಿಂಟು ಬೇರೆ! ಮೇಲಿನ ಹಲ್ಲುಗಳ ಬುಡ ನೋಡಿ, ಹುಳುಕಿಗೆ ದಿನಾ ಔತಣ ಹಾಕಿದೀರ."

ಬೈಸಿಕೊಂಡು ಅಭ್ಯಾಸವಿಲ್ಲದ ರಸ್ಕಮ್ಮ ತೆಪ್ಪಗೆ ಕೇಳಿಸಿಕೊಂಡಳು. ಡಾಕ್ಟರು ಹೇಳುತ್ತಾ ಹೋದಳು. ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಬೇಕು. ಚೀಪಲೇಬೇಕು ಅಂದರೆ ಸಕ್ಕರೆ ಇಲ್ಲದ್ದು. ರಾತ್ರಿ ಸೆಟ್ಟು ತೆಗೆದು ತೊಳೆದಿಡಬೇಕು. ರಕ್ತದಲ್ಲಿ ಸಕ್ಕರೆ ಎಷ್ಟಿದೆ ಅಂತ ಒಮ್ಮೆ ನೋಡಿಸಬೇಕು. ಸೆಟ್ಟಿನ ಚೂಪು ಅಂಚನ್ನು ಉಜ್ಜಿ ಸರಿ ಮಾಡಿದಳು. ಕೊನೆಗೆ, "ಮಾತ್ರೆ ಕೊಟ್ಟ ಡಾಕ್ಟರನ್ನ ಕೇಳಿ ಬದಲಾಯಿಸ್ಕೊಳ್ಳಿ. ಆದ್ರೆ ನೀವಾಗಿ ನೀವೇ ನಿಲ್ಲಿಸ್ಬೇಡಿ," ಅಂದಳು.

"ಮೊದಲಿನ ಹಾಗೇ ಆಗುತ್ತಾ ನಾಲಿಗೆ?" ರಸ್ಕಮ್ಮ ಕೇಳಿದ್ದು ಇದೊಂದನ್ನೇ.

"ಸುಧಾರಿಸುತ್ತೆ. ಪೂರ್ತಿ ಮೊದಲಿನ ಹಾಗೆ ಆಗುತ್ತಾ ಅಂತ ನಾನು ಹೇಗೆ ಹೇಳ್ಲಿ ಅಜ್ಜಿ?"

ಮನೆಗೆ ಬಂದವಳೇ ರಸ್ಕಮ್ಮ ಸೀನಿನ ಮಾತ್ರೆ, ರಾತ್ರಿಯ ಮಾತ್ರೆ ಎರಡನ್ನೂ ಕಸದ ಬುಟ್ಟಿಗೆ ಹಾಕಿದಳು. ನಿಲ್ಲಿಸಬೇಡಿ ಅಂದದ್ದು ಕೇಳಿಸಲಿಲ್ಲ ಅಂತಲ್ಲ. ಕಳ್ಳ ಸಿಕ್ಕ ಮೇಲೆ ಅವನನ್ನು ಮನೆಯಲ್ಲಿಟ್ಟುಕೊಂಡು, ಇನ್ನೊಬ್ಬ ಡಾಕ್ಟರನ್ನು ಕೇಳಿ ಹೊರಗೆ ಕಳಿಸುವಷ್ಟು ತಾಳ್ಮೆ ಅವಳಲ್ಲಿರಲಿಲ್ಲ. ಕೆಲವು ದಿನ ಗುಟುಕು ಗುಟುಕಾಗಿ ನೀರು ಕುಡಿದಳು. ಬಾಯಲ್ಲಿ ಸ್ವಲ್ಪ ಜೀವ ಬಂದ ಹಾಗಾಯಿತು. ಒಂದು ಬೆಳಗ್ಗೆ ತಲೆ ಬಾಚಿ, ಗಟ್ಟಿ ಹೆಜ್ಜೆ ಇಟ್ಟು, ಸ್ಟೂಲು ವಾಪಸ್ ಪಡೆಯಲು ಕೆಳಗಿಳಿದಳು.

ಸ್ಟೂಲಿನ ಮೇಲೆ ಕೆಂಡಪ್ಪ ಕೂತಿದ್ದ. ಒಂದು ಕೈಯಲ್ಲಿ ರಸ್ಕ್, ಇನ್ನೊಂದು ಕೈಯಲ್ಲಿ ಚಹಾದ ಲೋಟ. ರಸ್ಕನ್ನು ಅದ್ದಿ ಅದ್ದಿ ಚಪ್ಪರಿಸುತ್ತಿದ್ದ.

ರಸ್ಕಮ್ಮ ಅವನನ್ನು ಬೈಯಲು ಎದೆ ತುಂಬ ಉಸಿರೆಳೆದುಕೊಂಡಳು. ಉಸಿರಿನ ಜೊತೆಗೆ ಹಿಟ್ಟಿನ ಧೂಳೂ ಹೋಯಿತು. ಇಷ್ಟು ದಿನ ಮಾತ್ರೆ ತಡೆದಿಟ್ಟಿದ್ದ ಸೀನುಗಳೆಲ್ಲ ಬಡ್ಡಿ ಸಮೇತ ಹೊರಬಂದವು. ಮೊದಲನೆಯದಕ್ಕೆ ಪ್ಯಾಕೆಟ್ಟಿನ ಕವರುಗಳು ಹಾರಿದವು. ಎರಡನೆಯದಕ್ಕೆ ಕೆಳಗಿನ ಹಲ್ಲಿನ ಸೆಟ್ಟು ಹಾರಿ, ಉಂಗುರ ಬಿದ್ದಿದ್ದ ಅದೇ ತೊಟ್ಟಿಗೆ ಬಿತ್ತು. ಮೂರನೆಯದು ಬರುವಷ್ಟರಲ್ಲಿ ಕುಡಿದ ನೀರು ಮತ್ತು ಬಿಟ್ಟ ಮಾತ್ರೆ ಎರಡೂ ತಮ್ಮ ಕೆಲಸ ತೋರಿಸಿದ್ದವು. ರಸ್ಕಮ್ಮ ಅಲ್ಲಿ ನಿಲ್ಲಲಿಲ್ಲ. ಮೆಟ್ಟಿಲಿಳಿದು ಸಿಲಿಂಡರುಗಳ ನಡುವೆ ಮಾಯವಾದಳು.

ಸ್ವಲ್ಪ ಹೊತ್ತಿಗೆ ಹಿಂದುಗಡೆಯಿಂದ ಹಾಡು ಕೇಳಿಸಿತು. ಹಲ್ಲಿನ ಸೆಟ್ಟಿಲ್ಲದೆ, ನಡುನಡುವೆ ಸೀನುತ್ತಾ ಹಾಡಿದ್ದು. ಹಾಡು ಅನ್ನುವುದಕ್ಕಿಂತ, ಕೆಂಡಪ್ಪನ ಮೇಲಿನ ಬೈಗುಳಕ್ಕೆ ರಾಗ ಕೂಡಿಸಿದ್ದು ಅನ್ನಬೇಕು. ಹಿಟ್ಟು ನಾದುವವರು ಕೈ ನಿಲ್ಲಿಸಿ ಕೇಳಿದರು. ಕೆಂಡಪ್ಪ ಎರಡನೇ ಲೋಟ ಚಹಾ ಕುಡಿಯದೆ ಕೆಳಗಿಟ್ಟ.

ಆ ಸಂಜೆ ಸೊಸೆ ಕೇಳಲಿಲ್ಲ, ಹಗ್ಗವೊಂದನ್ನು ಬ್ಯಾಗಿಗೆ ಹಾಕಿಕೊಂಡು ಬಂದು ನಿಂತಳು. ರಸ್ಕಮ್ಮ ಮಾತಿಲ್ಲದೆ ಚಪ್ಪಲಿ ಮೆಟ್ಟಿದಳು. ಮಾತ್ರೆ ಕೊಟ್ಟಿದ್ದ ಡಾಕ್ಟರು ಎಲ್ಲ ಕೇಳಿ, ಸೀನಿಗೆ ಮಾತ್ರೆಯ ಬದಲು ಮೂಗಿಗೆ ಹೊಡೆದುಕೊಳ್ಳುವ ಸ್ಪ್ರೇ ಬರೆದರು, ಹಿಟ್ಟಿನ ಹತ್ತಿರ ಹೋಗುವಾಗ ಮಾಸ್ಕ್ ಹಾಕಿಕೊಳ್ಳಿ ಅಂದರು. ರಾತ್ರಿಯದಕ್ಕೆ ಬಾಯಿ ಅಷ್ಟಾಗಿ ಒಣಗಿಸದ ಬೇರೆ ಮಾತ್ರೆ. ಬಿ.ಪಿ.ಯದು ಹಾಗೇ ಇರಲಿ. ಸಕ್ಕರೆ ಸರಿಯಾಗೇ ಇತ್ತು. "ಮೊದಲೇ ಯಾಕಮ್ಮಾ ಹೇಳ್ಲಿಲ್ಲ?" ಅಂತ ಅವರು ಕೇಳಿದಾಗ ರಸ್ಕಮ್ಮ ಸೊಸೆಯ ಕಡೆ ನೋಡಿದಳು. ಏನಂತ ಹೇಳುವುದು? ಬಾಯಿ ಒಣಗಿದೆ ಅಂದರೆ ಕುರ್ಚಿಗೆ ಹಾಕುತ್ತಾರೆ ಅಂತಲೇ?

ಮಗ ಪಾಯಿಖಾನೆಗೆ ಹೊಸ ಚಿಲಕ ಹಾಕಿಸಿದ. ಬೇಕರಿಯಲ್ಲಿ ಹಾಡು ನಿಂತಿತು.

ಗಂಜಿ ಬಿಟ್ಟು ಮತ್ತೆ ಅನ್ನಕ್ಕೆ ಬಂದ ಮೇಲೆ ರಸ್ಕಮ್ಮ ಮಾಸ್ಕ್ ಹಾಕಿಕೊಂಡು, ಕೈಯಲ್ಲಿ ನೀರಿನ ಬಾಟಲಿ ಹಿಡಿದು ಕೆಳಗಿಳಿದಳು. ಅವತ್ತು ಮಗ ವ್ಯಾನಿನಿಂದ ಪೆಟ್ಟಿಗೆಗಳನ್ನು ವಾಪಸ್ ಇಳಿಸುತ್ತಿದ್ದ.

"ಮತ್ತೆ ಗಡ್ಡ ಬಂತೇನೋ?"

"ಇಲ್ಲಮ್ಮ. ಈ ಸಲ ಕ್ಯಾಂಟೀನಿನವರು ಕೇಳ್ತಿದಾರೆ, ಇದು ತಿನ್ನೋದಾ, ಇಲ್ಲಾ ಬಾಗಿಲು ಮುಚ್ಚದ ಹಾಗೆ ಅಡ್ಡ ಇಡೋದಾ ಅಂತ."

ಕೆಂಡಪ್ಪ ಸ್ಟೂಲಿನಿಂದ ಇಳಿಯಲಿಲ್ಲ. "ಬೂಸ್ಟು ಬರಬಾರ್ದು ಅಂತ ಚೆನ್ನಾಗಿ ಒಣಗಿಸಿದೀನಿ. ನಾನೇ ತಿಂದು ನೋಡಿದೀನಿ. ಬೆಣ್ಣೆ ಇದ್ದ ಹಾಗಿದೆ."

ರಸ್ಕಮ್ಮ ನಿಂತಲ್ಲೇ ಮಾಸ್ಕ್ ಕೆಳಗೆಳೆದು, ಬಾಟಲಿ ಎತ್ತಿ, ಎಲ್ಲರೆದುರು ನೀರು ಕುಡಿದಳು. ಕುಡಿದದ್ದನ್ನು ಬಾಯಲ್ಲಿ ಎಲ್ಲ ಕಡೆ ಆಡಿಸಿ ನುಂಗಿದಳು.

"ಅತ್ತಿಗೆ! ಕಾಯಿದೆ!" ಅಂದ ಕೆಂಡಪ್ಪ.

"ಮಾಡಿದವಳು ನಾನು, ಮುರಿದವಳೂ ನಾನೇ. ಕೊಡಿಲ್ಲಿ."

ಕಣ್ಣು ಮುಚ್ಚಲಿಲ್ಲ ಈ ಸಲ. ರಸ್ಕನ್ನು ತಿರುಗಿಸಿ ನೋಡಿ, ಪಕ್ಕದ ಹಲ್ಲಿನಲ್ಲಿ ಮೆಲ್ಲಗೆ ಒತ್ತಿದಳು. ಹಲ್ಲು ಕೂಗಿಕೊಂಡಿತು. ಹೊರಗೆ ತೆಗೆದಳು.

"ಹೆಂಚು."

ಕೆಂಡಪ್ಪ ನಕ್ಕ. ಆ ನಗುವಿನಲ್ಲಿ ಕನಿಕರವಿತ್ತು, ಅದೇ ಕೆಟ್ಟದ್ದು. "ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ನಿಮಗೆ ಬಾಯಿ ಒಣಗಿದೆಯಲ್ಲ, ಹಾಗನ್ನಿಸುತ್ತೆ."

ರಸ್ಕಮ್ಮನಿಗೆ ಅರ್ಥವಾಯಿತು. ಇನ್ನು ಮೇಲೆ ತಾನು ಏನು ಹೇಳಿದರೂ ಉತ್ತರ ಇದೇ. ಉಪ್ಪು ಜಾಸ್ತಿ ಅಂದರೆ ಬಾಯಿ ಒಣಗಿದೆ, ಸೀದಿದೆ ಅಂದರೆ ಬಾಯಿ ಒಣಗಿದೆ. ಸೊಸೆಯ ಮುಖ ನೋಡಿದಳು. ಯಾರನ್ನು ನಂಬುವುದು ಅಂತ ಆ ಮುಖಕ್ಕೂ ಗೊತ್ತಿರಲಿಲ್ಲ.

"ಸರಿ," ಅಂದಳು. "ನಿನ್ನ ಬಾಯಿ ಒಣಗಿಲ್ಲ ತಾನೇ? ನೀನೇ ಕಡಿ. ಲೋಟ ಕೆಳಗಿಟ್ಟು ಕಡಿ."

"ಚಹಾ ಇಲ್ದೇನಾ?"

"ಬೆಣ್ಣೆಗೆ ಚಹಾ ಯಾಕೋ?"

ಹಿಟ್ಟು ನಾದುವವರು ಹತ್ತಿರ ಬಂದರು. ಮಗ ಪೆಟ್ಟಿಗೆ ಕೆಳಗಿಟ್ಟ. ಇಷ್ಟು ಜನರ ಮುಂದೆ ಹಿಂದೆಗೆಯಲು ಕೆಂಡಪ್ಪನಿಗೆ ದಾರಿಯಿರಲಿಲ್ಲ. ಲೋಟ ಕೆಳಗಿಟ್ಟು, ರಸ್ಕನ್ನು ಮುಂದಿನ ಹಲ್ಲುಗಳ ನಡುವೆ ಸಿಕ್ಕಿಸಿ, ಬಲವಾಗಿ ಕಡಿದ.

ಕಟಕ್.

ಎಷ್ಟೋ ದಿನದಿಂದ ಆ ಬೇಕರಿಯಲ್ಲಿ ಅಷ್ಟು ಒಳ್ಳೆಯ ಕಟಕ್ ಯಾರೂ ಕೇಳಿರಲಿಲ್ಲ. ಆದರೆ ಮುರಿದದ್ದು ರಸ್ಕಲ್ಲ. ಅದು ಇಡಿಯಾಗಿಯೇ ಅವನ ಕೈಗೆ ವಾಪಸ್ ಬಂತು, ತನ್ನ ಅಂಚಿನಲ್ಲಿ ಕೆಂಡಪ್ಪನ ಅರ್ಧ ಹಲ್ಲನ್ನು ಕಚ್ಚಿಕೊಂಡು.

"ಹೋಗ್ಲಿ ಅಂತೀಯಾ, ಬೇಡ ಅಂತೀಯಾ?" ಕೇಳಿದಳು ರಸ್ಕಮ್ಮ.

ಕೆಂಡಪ್ಪ ಬಾಯಿ ಹಿಡಿದುಕೊಂಡು ಸ್ಟೂಲಿನಿಂದ ಇಳಿದ. ಹತ್ತಿರದಲ್ಲಿ ಕೂರಲು ಇದ್ದದ್ದು ಬಾಗಿಲ ಬಳಿಯ ಕುರ್ಚಿ ಒಂದೇ. ಅದರಲ್ಲಿ ಕೂತು, ಹೊರಗೆ ಹಾರ್ನ್ ಹೊಡೆದ ಬಸ್ಸಿಗೆ ತೊದಲುತ್ತಲೇ ಒಂದು ಬೈಗುಳ ಬೈದ. ಅದನ್ನು ನೋಡಿ ರಸ್ಕಮ್ಮನಿಗೆ ನಗು ಬರಬೇಕಿತ್ತು. ಬರಲಿಲ್ಲ. ಗಂಡ ಅಲ್ಲಿ ಕೂತಿದ್ದದ್ದೂ ಹೀಗೇ, ಭುಜ ಇಳಿಬಿಟ್ಟುಕೊಂಡು. ಅವಳು ಹತ್ತಿರ ಹೋಗಿ ನೀರಿನ ಬಾಟಲಿ ಚಾಚಿದಳು.

"ಬಾಯಿ ಮುಕ್ಕಳಿಸಿ ಎದ್ದೇಳು. ಆ ಹುಡುಗಿ ಡಾಕ್ಟರ್ ಹತ್ರ ಸೊಸೆ ಕರ್ಕೊಂಡು ಹೋಗ್ತಾಳೆ. ಒಣ ರಸ್ಕು ತಿನ್ನೋಕೆ ಆಗುತ್ತಾ ಅಂತ ಕೇಳ್ತಾಳೆ ಆ ಡಾಕ್ಟರು. ಆಗುತ್ತೆ ಅನ್ನು. ನಿನ್ನ ಬಾಯಲ್ಲಿ ನೀರಿಗೇನೂ ಕಮ್ಮಿಯಿಲ್ಲ."

"ಓವನ್ನು ಯಾರು ನೋಡ್ತಾರೆ?" ಅಂದ ಅವನು, ಗಾಳಿ ಸೋರುವ ಬಾಯಲ್ಲಿ.

"ನೀನೇ. ಹಲ್ಲು ಕಟ್ಟಿಸ್ಕೊಂಡು ಬಂದ್ಮೇಲೆ."

ಮಾರನೇ ದಿನ ಬೆಳಗ್ಗೆ ಟ್ರೇಗಳು ಹೊರಬಂದವು. ರಸ್ಕಮ್ಮ ಸ್ಟೂಲು ಹತ್ತಿದಳು, ಗುಟುಕು ನೀರು ಕುಡಿದಳು, ಅಂಗೈ ಚಾಚಿದಳು. ಕೆನ್ನೆ ಊದಿಸಿಕೊಂಡ ಕೆಂಡಪ್ಪ ರಸ್ಕ್ ಇಟ್ಟ. ಕಡಿದಳು, ಒಳ್ಳೆಯ ಶಬ್ದ ಬಂತು. ಅಗಿದಳು. ಮೊದಲು ಸ್ವಲ್ಪ ಸಿಹಿ ಬಂತು, ಆಮೇಲೆ ಹೋಯಿತು. ಇನ್ನೊಮ್ಮೆ ಅಗಿದಳು. ಸರಿಯಾಗಿದೆಯೋ? ಸ್ವಲ್ಪ ಸೀದಿದೆಯೋ? ಖಂಡಿತವಾಗಿ ಹೇಳಲು ಬರಲಿಲ್ಲ. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. "ಹೋಗ್ಲಿ" ಅನ್ನುವುದು ಸುಲಭವಿತ್ತು. ಉಪ್ಪಿನ ರಸ್ಕಿಗೆ ಗಂಡ ಅಂದದ್ದೂ ಅದನ್ನೇ.

ಅವಳು ಉಳಿದ ಅರ್ಧವನ್ನು ಸೊಸೆಯ ಕಡೆ ಚಾಚಿದಳು.

"ನೀನೂ ಒಂದು ಕಡಿ. ಹಾಗೇ ನುಂಗ್ಬೇಡ, ಅಗಿದು ನೋಡು. ಹಿಂದುಗಡೆ ಕಹಿ ಏನಾದ್ರೂ ಉಳಿಯುತ್ತಾ?"

ಸೊಸೆ ಗಾಬರಿಯಿಂದ ಸುತ್ತ ನೋಡಿ, ಕೈಯೊರೆಸಿಕೊಂಡು, ತೆಗೆದುಕೊಂಡು ಅಗಿದಳು. ತುಂಬ ಹೊತ್ತು ಅಗಿದಳು.

"ಇಲ್ಲ ಅತ್ತೆ. ಚೆನ್ನಾಗಿದೆ. ಹೋಗ್ಲಿ."

"ಏಯ್, ಆ ಮಾತು ನಾನು ಹೇಳ್ಬೇಕು ಕಣೇ."

"ಹೇಳಿ ಮತ್ತೆ."

ರಸ್ಕಮ್ಮ ಇನ್ನೊಂದು ಗುಟುಕು ನೀರು ಕುಡಿದಳು. ತುಟಿ ಹಲ್ಲಿಗೆ ಅಂಟಿಕೊಳ್ಳಲಿಲ್ಲ.

"ಹೋಗ್ಲಿ," ಅಂದಳು.